ಪಾದ್ರಿಯ ನೀರಸ ಪುಟಗಳು

ಜರ್ಮನ್ ಪಾದ್ರಿ ಆಂಟನ್ ಫ್ರೀಡ್ರಿಕ್ ಬ್ಯೂಷಿಂಗ್ (1724–1793) ತನ್ನ ‘ಹೊಸ ಭೂವಿವರಣೆ’ಯ ಮೊದಲ ಭಾಗವನ್ನು ಪ್ರಕಟಿಸಿದ್ದು 1754ರಲ್ಲಿ. ಆಮೇಲೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೂಥರನ್ ಸಭೆಯ ಪಾದ್ರಿಯಾದ, ಬರ್ಲಿನ್ನಿನಲ್ಲಿ ಶಾಲೆ ನಡೆಸಿದ. ಪುಸ್ತಕ ಮಾತ್ರ ಮುಗಿಯಲೇ ಇಲ್ಲ. ಯುರೋಪನ್ನು ದಾಟಿ ಏಷ್ಯಾದ ಒಂದಿಷ್ಟನ್ನು ಮುಟ್ಟುವಷ್ಟರಲ್ಲಿ ಆಯುಷ್ಯ ತೀರಿತು.

ಇದರಲ್ಲಿ ಬೆಟ್ಟ, ನದಿಗಳಿಗಿಂತ ಆಡಳಿತ, ಜನಸಂಖ್ಯೆ, ಧರ್ಮ, ವ್ಯಾಪಾರದ ವಿವರಗಳೇ ಹೆಚ್ಚು; ಅವೂ ರಾಜ್ಯಗಳ ಗಡಿಗೆ ತಕ್ಕಂತೆ ಹಂಚಿದವು. ಮುಂದೆ ಬಂದ ಕಾರ್ಲ್ ರಿಟ್ಟರ್‌ಗೆ ಇಂಥ ಪಟ್ಟಿಗಳ ಭೂಗೋಳ ಒಗ್ಗಲಿಲ್ಲ. ನೆಲಕ್ಕೂ ಬದುಕಿಗೂ ಇರುವ ನಂಟು ಎಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಓದಲು ಬೇಸರವೂ ಹೌದು.

ಆದರೂ ನಾನು ಬ್ಯೂಷಿಂಗ್‌ನ ಪರ. 1806ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯವೇ ಕೊನೆಗೊಂಡಿತು. ಅವನು ವರ್ಣಿಸಿದ ಎಷ್ಟೋ ಪುಟ್ಟ ಸಂಸ್ಥಾನಗಳು ನಕ್ಷೆಯಿಂದ ಅಳಿಸಿಹೋದವು. ಅಲ್ಲಿ ಯಾರು ಆಳುತ್ತಿದ್ದರು, ಜನ ಏನು ಮಾರುತ್ತಿದ್ದರು ಎಂದು ತಿಳಿಯಬೇಕಾದವರು ಇಂದಿಗೂ ಈ ಪುಟಗಳನ್ನೇ ತಿರುವುತ್ತಾರೆ.