ಪಿತ್ತಿ ಅರಮನೆಯ ವೇಷಭೂಷಣಗಳು

ಅಲಂಕಾರವು ಅಲಂಕಾರ್ಯವನ್ನು ಆಶ್ರಯಿಸಿಯೇ ಶೋಭಿಸತಕ್ಕದ್ದೆಂಬುದು ಆಲಂಕಾರಿಕರ ಮತ. ಹಾಗಾದರೆ ಉಟ್ಟವರು ಕಾಲವಶರಾದ ಮೇಲೆ ಉಡುಪಿಗೆ ಉಳಿಯುವ ಅರ್ಥವಾದರೂ ಏನು? ಇಟಲಿಯ ಫ್ಲಾರೆನ್ಸ್ ನಗರದ ಪಿತ್ತಿ ಅರಮನೆಯಲ್ಲಿ 1983ರಲ್ಲಿ ಸ್ಥಾಪಿತವಾದ ವೇಷಭೂಷಣಗಳ ಸಂಗ್ರಹಾಲಯವು ಪ್ರೇಕ್ಷಕನ ಮುಂದಿಡುವ ಪ್ರಶ್ನೆಯಿದು.

ಆ ಅರಮನೆಯನ್ನು ಹದಿನಾರನೆಯ ಶತಮಾನದ ನಡುವಿನಲ್ಲಿ ಕೊಂಡವಳು ಫ್ಲಾರೆನ್ಸಿನ ಅಧಿಪತಿ ಕೊಸಿಮೊ ಮೆದಿಚಿಯ ಪತ್ನಿ ಎಲೆಯೊನೋರಾ. ಆಕೆ 1562ರಲ್ಲಿ ಮಲೇರಿಯಾ ಜ್ವರದಿಂದ ಮೃತಳಾದಳು. ಆಕೆಯ ಮಗನಾದ ಗಾರ್ಸಿಯನೂ ಅದೇ ವರ್ಷ ತೀರಿಕೊಂಡನು. ಈ ಇಬ್ಬರ ಮತ್ತು ಕೊಸಿಮೊವಿನ ಸಮಾಧಿಗಳಿಂದ ಹೊರತೆಗೆದ ಜೀರ್ಣವಸ್ತ್ರಗಳನ್ನು ಸುಮಾರು ಹತ್ತು ವರ್ಷಗಳ ಪರಿಶ್ರಮದಿಂದ ಉದ್ಧರಿಸಿ, 1993ರಲ್ಲಿ ಪ್ರದರ್ಶನಕ್ಕಿಟ್ಟರು. ಅವುಗಳನ್ನು ಬೊಂಬೆಗಳಿಗೆ ತೊಡಿಸಿ ನಿಲ್ಲಿಸದೆ, ಚಪ್ಪಟೆಯಾಗಿ ಮಲಗಿಸಿ, ಮಂದಪ್ರಕಾಶದಲ್ಲಿ ಇರಿಸಿದ್ದು ವಸ್ತ್ರರಕ್ಷಣೆಯ ಉಪಾಯವಷ್ಟೇ ಅಲ್ಲ. ಔಚಿತ್ಯವನ್ನು ಬಲ್ಲವರ ಕಾರ್ಯವೂ ಹೌದು. ನಶಿಸಿದ ಭಾಗವು ನಶಿಸಿದಂತೆಯೇ ಕಾಣುವುದರಿಂದ, ಇಲ್ಲದ ಶರೀರವೇ ಅಲ್ಲಿ ಅಲಂಕಾರ್ಯವಾಗಿ ನಿಲ್ಲುತ್ತದೆ.

ಚಿತ್ರಕಾರ ಬ್ರೊಂಜಿನೊ ಸುಮಾರು 1545ರಲ್ಲಿ ಈ ರಾಣಿಯನ್ನು ಮಗನೊಡನೆ ಚಿತ್ರಿಸಿದನು. ಅದರಲ್ಲಿ ಹೊಂಬಣ್ಣದ ದಾಳಿಂಬೆಯ ವಿನ್ಯಾಸವುಳ್ಳ ಉಡುಪಿನ ಭವ್ಯತೆಯು ಮುಖದ ಸೌಂದರ್ಯವನ್ನೂ ಮೀರಿಸುವಂತಿದೆ. ಆಕೆಯನ್ನು ಅದೇ ಉಡುಪಿನಲ್ಲಿ ಹೂಳಿದರೆಂದು ಬಹುಕಾಲ ನಂಬಲಾಗಿತ್ತು. ವಸ್ತ್ರಪರೀಕ್ಷೆಯಿಂದ ಆ ಮಾತು ಸುಳ್ಳೆಂದು ತಿಳಿಯಿತು. ಸಮಾಧಿಯಲ್ಲಿದ್ದುದು ಮಖಮಲ್ಲಿನ ಪಟ್ಟಿಗಳನ್ನಿಟ್ಟು ಹೊಲಿದ ಬೇರೊಂದು ಸ್ಯಾಟಿನ್ ಉಡುಪು. ಸೊಗಸಾದ ಕಥೆಯೊಂದು ಅಳಿಯಿತೆಂದು ಮರುಗುವವರು ಮರುಗಲಿ. ಹರಿದ ಅರಿವೆಯೇ ಸಾಕ್ಷಿಯಾಗಿ ನುಡಿದ ಸತ್ಯಕ್ಕೆ ಕಥೆಗಿಂತ ಹೆಚ್ಚಿನ ಗೌರವ ಸಲ್ಲಬೇಕು.

ಇದೇ ಅರಮನೆಯ ಶ್ವೇತಸಭಾಂಗಣದ ಕಥೆ ಇನ್ನೊಂದು. ಜೊವಾನ್ನಿ ಬತ್ತಿಸ್ತಾ ಜೊರ್ಜಿನಿ ಎಂಬ ವರ್ತಕನು 1951ರ ಫೆಬ್ರವರಿಯಲ್ಲಿ ತನ್ನ ಮನೆಯಲ್ಲಿ ಅಮೆರಿಕದ ಗಿರಾಕಿಗಳೆದುರು ಇಟಲಿಯ ಉಡುಪುಗಳನ್ನು ಪ್ರದರ್ಶಿಸಿದನು; 1952ರಿಂದ ಆ ಪ್ರದರ್ಶನಗಳು ಈ ಸಭಾಂಗಣದಲ್ಲಿ ನಡೆದವು. ಇಟಲಿಯ ಫ್ಯಾಷನ್ನಿನ ಜನ್ಮ ಇದೇ ಎಂದು ಬರೆಯುವವರುಂಟು. ಈ ಮಾತನ್ನು ಹಾಗೆಯೇ ಒಪ್ಪಲಾಗದು. ಅಂದು ಹುಟ್ಟಿದ್ದು ವ್ಯಾಪಾರವೇ ಹೊರತು ಕಲೆಯಲ್ಲ. ಪ್ಯಾರಿಸ್ಸಿನ ಕಡೆಗೇ ನೋಡುತ್ತಿದ್ದ ಗಿರಾಕಿಗಳ ದೃಷ್ಟಿಯನ್ನು ಫ್ಲಾರೆನ್ಸಿನತ್ತ ತಿರುಗಿಸಿದ್ದು, ಯುದ್ಧದಿಂದ ಬಡವಾದ ನಾಡಿಗೆ ಸಣ್ಣ ಉಪಕಾರವಲ್ಲ. ಆದರೆ ಅದಕ್ಕೆ ಶತಮಾನಗಳ ಮೊದಲೇ ಆ ನಗರದ ರೇಷ್ಮೆಯ ಕೆಲಸಗಾರರು ಸಂಘ ಕಟ್ಟಿಕೊಂಡು ಖ್ಯಾತರಾಗಿದ್ದರು. ಕವಲನ್ನು ನೋಡಿ ಬೇರನ್ನು ಮರೆಯುವ ಇತಿಹಾಸವು ಕುಂಟುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಉಡುಪಿನ ಇತಿಹಾಸದಲ್ಲಿ ಉಟ್ಟವರ ಹೆಸರೂ ವಿನ್ಯಾಸಕರ ಹೆಸರೂ ಬೆಳಗುತ್ತವೆ. ನೇಯ್ದವರ, ಕಸೂತಿ ಹಾಕಿದವರ ಹೆಸರುಗಳು ಅಪೂರ್ವ. ಎಲೆಯೊನೋರಾಳ ದರ್ಜಿ ಅಗೊಸ್ತಿನೊ ಎಂಬುವನೆಂದು ಇಂದು ತಿಳಿಯುತ್ತಿರುವುದು ಅರಮನೆಯ ಲೆಕ್ಕಪತ್ರಗಳು ಉಳಿದುದರಿಂದ. ರಾಣಿಯ ಕೀರ್ತಿಗೆ ಚಿತ್ರಕಾರನು ದೊರೆತನು. ದರ್ಜಿಯ ಕೀರ್ತಿಗೆ ದೊರೆತವನು ಕರಣಿಕನೊಬ್ಬನೇ. ಸಂಗ್ರಹಾಲಯವನ್ನು ನೋಡಿ ಹಿಂದಿರುಗುವವರು ಹೊಳಪನ್ನು ಮಾತ್ರ ನೆನೆಯದೆ, ಆ ಹೊಲಿಗೆಯ ಕೈಯನ್ನೂ ನೆನೆದರೆ ದರ್ಶನವು ಸಾರ್ಥಕವಾದೀತು.