ಹಿಂತೆಗೆದುಕೊಂಡ ರಾಜೀನಾಮೆ

ಯಲ್ಲಾಪುರದಲ್ಲಿ ನಮ್ಮ ಮನೆ ಹೆದ್ದಾರಿಗೆ ತಾಗಿಕೊಂಡೇ ಇದೆ. 2009–10ರ ಹೊತ್ತಿಗೆ ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಸಾಲುಗಟ್ಟಿ ಬಂದು, ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಬೆಳಿಗ್ಗೆ ಹರವಿದ ಬಿಳಿ ಪಂಚೆ ಸಂಜೆಯೊಳಗೆ ಕೆಂಪಾಗಿರುತ್ತಿತ್ತು. "ಇದೆಂಥ ಮಣ್ಣೇ ತಂಗಿ, ಎಷ್ಟು ಒಗೆದರೂ ಹೋಗ್ತಿಲ್ಲ" ಎಂದು ಅತ್ತೆ ಗೊಣಗುತ್ತಿದ್ದರು. ಆ ಕೆಂಪು ಧೂಳಿನ ಲೆಕ್ಕವನ್ನು ಯಾರೋ ಒಬ್ಬರು ಬೆಂಗಳೂರಿನಲ್ಲಿ ಕೂತು ಬರೆಯುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದಾಗ ನಮಗೆಲ್ಲ ಎಷ್ಟು ಸಮಾಧಾನವಾಗಿತ್ತು!

ಆ ಒಬ್ಬರು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಸುಪ್ರೀಂ ಕೋರ್ಟಿನಿಂದ 2005ರಲ್ಲಿ ನಿವೃತ್ತರಾಗಿ, 2006ರ ಆಗಸ್ಟ್‌ನಲ್ಲಿ ಲೋಕಾಯುಕ್ತರಾದವರು. 1984ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಗೆ ಗುಮಾಸ್ತನಿಂದ ಮುಖ್ಯಮಂತ್ರಿಯವರೆಗೆ ಎಲ್ಲರನ್ನೂ ವಿಚಾರಿಸುವ ಹಕ್ಕಿದೆ. ನಾವು ಓಟು ಹಾಕಿ ಕಳಿಸಿದ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಆಸ್ತಿಯ ವಿವರವನ್ನು ಒಪ್ಪಿಸಬೇಕಾದದ್ದೂ ಇಲ್ಲಿಗೇ. ಆದರೆ ತನಿಖೆ ಮುಗಿದ ಮೇಲೆ ಲೋಕಾಯುಕ್ತರು ಶಿಫಾರಸು ಮಾಡಬಹುದು, ಅಷ್ಟೆ. ಕ್ರಮ ಕೈಗೊಳ್ಳುವುದು ಬಿಡುವುದು ಸರ್ಕಾರದ ಮರ್ಜಿ.

2010ರಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯಿತು. ಜಪ್ತಿ ಮಾಡಿದ ಅಧಿಕಾರಿಯ ಮೇಲೇ ಅಮಾನತಿನ ಆದೇಶ ಬಂತು. ಅದೇ ಜೂನ್ 23ರಂದು ಹೆಗ್ಡೆಯವರು ರಾಜೀನಾಮೆ ಕೊಟ್ಟರು. ನನಗೆ ಆಗ ನೆನಪಾದದ್ದು ಅವರ ತಂದೆ ಕೆ.ಎಸ್. ಹೆಗ್ಡೆಯವರು. 1973ರಲ್ಲಿ ಹಿರಿತನ ಮೀರಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟನ್ನೇ ಬಿಟ್ಟು ಹೊರಬಂದವರು, ಮತ್ತೆ ತಿರುಗಿ ನೋಡದವರು. ಮಗನೂ ಹಾಗೆಯೇ ಎಂದುಕೊಂಡೆ.

ಆದರೆ ಹತ್ತೇ ದಿನಗಳಲ್ಲಿ, ಜುಲೈ 3ರಂದು, ರಾಜೀನಾಮೆ ವಾಪಸ್ಸಾಯಿತು. ರಾಜ್ಯವನ್ನು ಆಳುತ್ತಿದ್ದ ಪಕ್ಷದ ಹಿರಿಯರಾದ ಅಡ್ವಾಣಿಯವರು ಕೇಳಿಕೊಂಡಿದ್ದರು. ಅವರ ಮಾತನ್ನು ತೆಗೆದುಹಾಕಲು ಹೆಗ್ಡೆಯವರಿಗೆ ಆಗಲಿಲ್ಲ.

ಇಲ್ಲಿ ನನ್ನದೊಂದು ಕತೆ ಹೇಳಬೇಕು. ನಾನು ಹಿಂದೆ ಒಂದು ಮಹಿಳಾ ಮಂಡಳದ ಖಜಾಂಚಿಯಾಗಿದ್ದೆ. ಆರು ಹೊಲಿಗೆ ಮಿಷನ್ನಿನ ಬಿಲ್ಲಿತ್ತು, ಬಂದದ್ದು ನಾಲ್ಕು. ಕೇಳಿದರೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ರಾಜೀನಾಮೆ ಬರೆದುಕೊಟ್ಟೆ. ಮರುದಿನ ನನ್ನ ಅಪ್ಪನ ಗೆಳೆಯರೊಬ್ಬರು ಮನೆಗೆ ಬಂದು, "ತಂಗೀ, ನನ್ನ ಮೋರೆ ನೋಡಿಯಾದ್ರೂ ವಾಪಸ್ಸು ತಗೊ" ಎಂದರು. ಚಿಕ್ಕಂದಿನಿಂದ ಎತ್ತಿ ಆಡಿಸಿದವರು, ಏನು ಹೇಳಲಿ? ಚಹಾ ಕುಡಿದು ಹೋದರು. ನನ್ನ ಪತ್ರ ವಾಪಸ್ಸು ಬಂತು. ಆ ಎರಡು ಮಿಷನ್ನು ಮಾತ್ರ ಬರಲೇ ಇಲ್ಲ.

ಹಾಗಾಗಿ ಹೆಗ್ಡೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಅರ್ಥವಾಗುವುದರಿಂದಲೇ ನನ್ನ ತಕರಾರೂ ಇದೆ. ನಾನು ಹಿರಿಯರಿಗೆ ತಲೆಬಾಗಿದರೆ ನಷ್ಟ ಎರಡು ಮಿಷನ್ನಿನದು. ಲೋಕಾಯುಕ್ತರ ಕುರ್ಚಿ ಹಾಗಲ್ಲ. ಯಾವ ಪಕ್ಷದ ಸರ್ಕಾರವನ್ನು ವಿಚಾರಿಸಬೇಕಿತ್ತೋ ಅದೇ ಪಕ್ಷದ ಹಿರಿಯರ ಮಾತಿಗೆ ಆ ಕುರ್ಚಿ ಓಗೊಟ್ಟಿತು. ಶಿಫಾರಸಿಗೆ ಬೆಲೆ ಬರುವಂತೆ ಮೊದಲು ಕಾಯ್ದೆ ತಿದ್ದಿ, ಆಮೇಲೆ ನಾನು ಬರುತ್ತೇನೆ ಎಂದು ಅವರು ಪಟ್ಟು ಹಿಡಿದಿದ್ದರೆ? ಇಡೀ ರಾಜ್ಯ ಅವರ ಬೆನ್ನಿಗೆ ನಿಂತ ಗಳಿಗೆ ಅದು. ಅಂಥ ಗಳಿಗೆ ಮತ್ತೆ ಬರಲಿಲ್ಲ.

ಹಿಂತೆಗೆದುಕೊಂಡದ್ದರಿಂದ ಒಳ್ಳೆಯದೂ ಆಯಿತು, ಅದನ್ನು ಮರೆಮಾಚಲಾರೆ. ಅವರು ಉಳಿದದ್ದಕ್ಕೇ 2011ರ ಜುಲೈ 27ರ ಗಣಿ ವರದಿ ಅವರ ಕೈಯಿಂದ ಬಂತು. ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಹೇಳಿತು. ನಾಲ್ಕು ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಒಬ್ಬ ನಿವೃತ್ತ ನ್ಯಾಯಾಧೀಶರ ಪ್ರಾಮಾಣಿಕತೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಅಂದು ಕಂಡೆವು.

ಆದರೆ ಒಬ್ಬರದ್ದು ಒಬ್ಬರೊಂದಿಗೇ ಹೋಗುತ್ತದೆ. ಅವರ ನಂತರ ಬಂದವರು ನಿವೇಶನದ ವಿವಾದದಲ್ಲಿ ಎರಡು ತಿಂಗಳೂ ತುಂಬುವ ಮೊದಲೇ ಹೊರನಡೆದರು. ಆಮೇಲೆ ಇನ್ನೊಬ್ಬ ಲೋಕಾಯುಕ್ತರ ಮಗನೇ ಹಣ ವಸೂಲಿಯ ಆರೋಪದಲ್ಲಿ ಬಂಧಿತನಾಗಿ, 2015ರ ಕೊನೆಗೆ ಅವರೂ ಕುರ್ಚಿ ಬಿಡಬೇಕಾಯಿತು. 2016ರಲ್ಲಿ, ಈಗ ಬೇರೊಂದು ಪಕ್ಷದ ಸರ್ಕಾರ, ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಅದನ್ನು ರದ್ದುಮಾಡಿ ಅಧಿಕಾರ ಮರಳಿಸಲು 2022ರಲ್ಲಿ ಹೈಕೋರ್ಟೇ ಬರಬೇಕಾಯಿತು. ಯಡಿಯೂರಪ್ಪನವರ ಮೇಲಿನ ಗಣಿ ದೇಣಿಗೆಯ ಮೊಕದ್ದಮೆ 2016ರಲ್ಲಿ ಖುಲಾಸೆಯಲ್ಲಿ ಮುಗಿದಿತ್ತು.

ನಾವು ಹೆಂಗಸರು ಒಳ್ಳೆಯವರೊಬ್ಬರು ಸಿಕ್ಕರೆ ಸಾಕು, ದೇವರ ಪಟದ ಪಕ್ಕ ಇಟ್ಟುಬಿಡುತ್ತೇವೆ. ಆಮೇಲೆ ಲೆಕ್ಕ ಕೇಳಲು ನಮಗೇ ಸಂಕೋಚ. ಹೆಗ್ಡೆಯವರನ್ನು ನಾನು ಈಗಲೂ ಗೌರವಿಸುತ್ತೇನೆ. ಅವರ ಆ ಹತ್ತು ದಿನಗಳ ಬಗ್ಗೆ ಮಾತ್ರ ಸಮಾಧಾನವಿಲ್ಲ.

ಅತ್ತೆ ತೀರಿಕೊಂಡು ಐದು ವರ್ಷವಾಯಿತು. ಅವರ ಪೆಟ್ಟಿಗೆಯಲ್ಲಿ ಮಾವನವರದ್ದೊಂದು ಪಂಚೆ ಸಿಕ್ಕಿತು. ಅಂಚಿನಲ್ಲಿ ಆ ಕೆಂಪು ಇನ್ನೂ ಇತ್ತು.