ಕೂದಲ ಹಗ್ಗದ ಧ್ವನಿ: ಶೀಲಾ ಗೌಡ ಅವರ ಎರಡು ಕೃತಿಗಳು

ಬೆಂಗಳೂರಿನಿಂದ ಕೋಲಾರದ ಮೇಲೆ ತಿರುಪತಿಗೆ ಹೋಗುವ ದಾರಿ ಕರ್ನಾಟಕದ ಎಲ್ಲೆಯನ್ನು ದಾಟುವ ಮುನ್ನ ಮುಳಬಾಗಿಲನ್ನು ಹಾಯುತ್ತದೆ. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲಾಯಿತೆಂದು ಹೇಳುವರು. ಹರಕೆಯ ಮುಡಿ ಕೊಡಲು ಹೊರಟವರೂ, ಕೊಟ್ಟು ಬೋಳುದಲೆಗೆ ಗಂಧ ಸವರಿಕೊಂಡು ಮರಳುವವರೂ ಸಾಗುವ ದಾರಿಯಿದು. ನಮ್ಮ ನಾಡಿನ ರಸ್ತೆಗಳಲ್ಲಿ ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಕದಿರಲೆಂದು ಕಟ್ಟಿದ ಕಪ್ಪು ಹಗ್ಗವೂ ಕಾಣುವುದುಂಟು. ಅದು ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ. ಒಬ್ಬರು ದೇವರಿಗೆ ಒಪ್ಪಿಸಿದ ಕೂದಲು ಹೀಗೆ ಇನ್ನೊಬ್ಬರಿಗೆ ರಕ್ಷೆಯಾಗುತ್ತದೆ. ಇದನ್ನು ನಾವೆಲ್ಲರೂ ಕಂಡಿದ್ದರೂ ಕಲೆಯ ಸಾಮಗ್ರಿಯೆಂದು ಭಾವಿಸಿದವರಲ್ಲ.

ಹಾಗೆ ಭಾವಿಸಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ ಹಾಗೂ ಲಂಡನ್ನುಗಳಲ್ಲಿ ವ್ಯಾಸಂಗ ಮಾಡಿದ ಇವರು 1990ರ ದಶಕದಲ್ಲಿ ಚಿತ್ರಪಟದ ಮೇರೆಯನ್ನು ಮೀರಿ ಸೆಗಣಿ, ಕುಂಕುಮ, ನೂಲು, ಸೂಜಿಗಳನ್ನು ಕೈಗೆತ್ತಿಕೊಂಡರು. 1998ರ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ನೀಳವಾದ ನೂಲುಗಳನ್ನು ಒಂದುಗೂಡಿಸಿ, ಅಂಟು ಕುಂಕುಮಗಳನ್ನು ಸವರಿ ಮಾಡಿದ ಕೆಂಪು ಮಿಣಿಗಳಿವೆ. ಮಿಣಿಯ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ಉಳಿದಿದೆ. 2009ರಲ್ಲಿ ವೆನಿಸ್ಸಿನ ಬಿಯೆನಾಲೆ ಪ್ರದರ್ಶನದಲ್ಲಿದ್ದ ‘ಬಿಹೋಲ್ಡ್’ ಕೃತಿಗೆ ಸುಮಾರು 4 ಕಿಲೋಮೀಟರು ಉದ್ದದ ಕೂದಲ ಹಗ್ಗವೂ ಸುಮಾರು 20 ಉಕ್ಕಿನ ಬಂಪರುಗಳೂ ಸಾಮಗ್ರಿ.

ಇಂತಹ ಕೃತಿಗಳ ವಿಷಯದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಬೀದಿಯ ವಸ್ತುವನ್ನು ಗೋಡೆಗೆ ತೂಗುಹಾಕಿದರೆ ಅದು ಕಲೆಯಾಗುವುದೆ, ಎಂಬುದು ಒಂದು. ವಸ್ತು ಬಡವಾದಷ್ಟೂ ಕೃತಿ ಧ್ಯಾನಕ್ಕೆ ಹತ್ತಿರ, ಎಂಬುದು ಇನ್ನೊಂದು. ಮೊದಲನೆಯದು ತಿರಸ್ಕಾರ, ಎರಡನೆಯದು ಸುಲಭವಾದ ಭಕ್ತಿ. ಎರಡೂ ವಸ್ತುವನ್ನು ನೋಡುವ ಮೊದಲೇ ಅದಕ್ಕೆ ಬೆಲೆ ಕಟ್ಟಿಬಿಡುತ್ತವೆಂದು ನಮಗೆ ತೋರುತ್ತದೆ.

ನಮ್ಮ ಕಾವ್ಯಮೀಮಾಂಸೆ ಇಲ್ಲಿ ನೆರವಿಗೆ ಬರುತ್ತದೆ. ಬೆಳಕನ್ನು ಬಯಸುವವನು ದೀಪವನ್ನು ಜೋಪಾನ ಮಾಡುವಂತೆ ಧ್ವನ್ಯರ್ಥವನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸುತ್ತಾನೆ ಎಂಬುದು ಆನಂದವರ್ಧನನ ನಿಲುವು. ವಿವಕ್ಷಿತಾನ್ಯಪರವಾಚ್ಯದಲ್ಲಿ ವಾಚ್ಯವು ಅಳಿಯುವುದಿಲ್ಲ. ತಾನಿದ್ದುಕೊಂಡೇ ಬೇರೊಂದರತ್ತ ಕೈತೋರುತ್ತದೆ. ‘ಬಿಹೋಲ್ಡ್’ನಲ್ಲಿ ಹಗ್ಗ ಹಗ್ಗವಾಗಿಯೇ, ಬಂಪರು ಬಂಪರಾಗಿಯೇ ಉಳಿದಿವೆ. ಬದಲಾದದ್ದು ಅವುಗಳ ಸಂಬಂಧ ಮಾತ್ರ. ರಸ್ತೆಯಲ್ಲಿ ಉಕ್ಕು ಕೂದಲನ್ನು ಹೊತ್ತಿತ್ತು. ಇಲ್ಲಿ ಕೂದಲು ಉಕ್ಕನ್ನು ಹೊತ್ತಿದೆ. ಪೆಟ್ಟು ತಡೆಯಲೆಂದೇ ಮಾಡಿದ ಲೋಹವು ಯಾರದೋ ಹರಕೆಯನ್ನು ನೆಮ್ಮಿ ನೇತಾಡುತ್ತಿರುವುದನ್ನು ಕಂಡಾಗ ರಕ್ಷೆಯೆಂದರೇನು, ಭಯವೆಂದರೇನು ಎಂಬ ಚಿಂತನೆ ತಾನಾಗಿ ಮೂಡುತ್ತದೆ. ಕುಂಕುಮದ ಕೃತಿಯಲ್ಲಾದರೋ ಧ್ಯಾನವು ರಚನೆಯ ಕಾಲದಲ್ಲಿಯೇ ಅಡಗಿದೆ. ಒಂದೊಂದು ಸೂಜಿಗೂ ನೂಲು ಹಾಯಿಸುವ ಕೆಲಸ ಅಡುಗೆ, ಹೊಲಿಗೆಗಳಂತೆ ಯಾರ ಲೆಕ್ಕಕ್ಕೂ ಬಾರದ ದುಡಿಮೆ. ಸೂಜಿಗಳನ್ನು ತೆಗೆದುಬಿಟ್ಟಿದ್ದರೆ ಮಿಣಿ ಬರಿಯ ಅಲಂಕಾರವಾಗುತ್ತಿತ್ತು.

ಮುಡಿಯ ಅರ್ಥವನ್ನೇ ಅರಿಯದ ಪರದೇಶದ ಪ್ರೇಕ್ಷಕನಿಗೆ ಇದೆಲ್ಲ ಹೇಗೆ ತಿಳಿದೀತು ಎಂದು ಕೇಳಬಹುದು. ಹಗ್ಗದ ಭಾರ, ಕಪ್ಪು, ಸಿಕ್ಕುಗಳು ಅವನನ್ನೂ ತಟ್ಟುತ್ತವೆ. ಆದರೆ ಹರಕೆಯ ಎಳೆ ಅವನಿಗೆ ದೊರೆಯಬೇಕಾದರೆ ವಿವರಣೆ ಬೇಕು. ಇದು ಕೃತಿಯ ಮಿತಿಯೆಂದು ನಾವು ಒಪ್ಪುತ್ತೇವೆ. ಇನ್ನೊಂದು ಕೊರತೆಯೂ ಉಂಟು, ಅದು ವಿಮರ್ಶೆಯದು. ಕೂದಲು ಕೊಟ್ಟವರು, ಹಗ್ಗ ಹೊಸೆದವರು ನಮ್ಮ ಲೇಖನಗಳಲ್ಲಿ ‘ಸಾಮಗ್ರಿ’ ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತಾರೆ. ಸಾಮಗ್ರಿಯು ಕಲಾವಿದೆಯ ಕೈಸೇರುವ ಮೊದಲೇ ಅರ್ಥವುಳ್ಳದ್ದಾಗಿತ್ತೆಂಬುದನ್ನು ಮರೆತರೆ ಈ ಕೃತಿಗಳ ಅರ್ಧವನ್ನೇ ಓದಿದಂತಾಗುತ್ತದೆ.

ಆದುದರಿಂದ ಇಂತಹ ಕಲೆಯ ಪಾಠವನ್ನು ವೆನಿಸ್ಸಿನ ಛಾಯಾಚಿತ್ರಗಳಿಂದ ಆರಂಭಿಸಬೇಕಾಗಿಲ್ಲ. ಮುಳಬಾಗಿಲಿನ ವಿದ್ಯಾರ್ಥಿಗಳು ಮೊದಲು ರಸ್ತೆಯ ಬದಿಗೆ ಹೋಗಿ ಆ ಹಗ್ಗವನ್ನು ಯಾರು, ಏತಕ್ಕೆ ಕಟ್ಟಿದರೆಂದು ಚಾಲಕರನ್ನೇ ವಿಚಾರಿಸಲಿ. ಆಮೇಲೆ ಕೃತಿಯ ಬಳಿಗೆ ಬರಲಿ.